ಮುಚ್ಚಿಹೋದ ಹೊಳೆಕವಲನ್ನು ಮತ್ತೆ ತೆರೆಯುವುದು ಹೇಗೆ? ಸಾಲ್ಮನ್ ಮರಿಗಳಿಗಾಗಿ ಒಂದು ಮಾರ್ಗದರ್ಶಿ

ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ ಲೈಬ್ರರಿ ಇರುವುದು ಹೊಳೆಯ ಮೇಲೆ. ಪಕ್ಕದಲ್ಲಲ್ಲ, ಸೀಡರ್ ಹೊಳೆಯ ಮೇಲೇ, ಸೇತುವೆ ಥರ. ಅಕ್ಟೋಬರಿನಲ್ಲಿ ಅಲ್ಲಿ ನಿಂತು ಕೆಳಗೆ ನೋಡಿದರೆ ಕೆಂಪು ಬಣ್ಣದ ಸಾಕ್‌ಐ ಸಾಲ್ಮನ್‌ಗಳು ನೀರಿಗೆ ಎದುರಾಗಿ ಈಜುವುದು ಕಾಣುತ್ತದೆ. ಊರಿಂದ ಅಪ್ಪ ಅಮ್ಮ ಬಂದಾಗ ನಮ್ಮವರು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ. ಸಮುದ್ರ ಸುತ್ತಿ ಬಂದು ಹುಟ್ಟಿದ ಹೊಳೆಯಲ್ಲೇ ಮೊಟ್ಟೆ ಇಟ್ಟು ಸಾಯುವ ಮೀನು ಎಂದರೆ ಯಾರಿಗಾದರೂ ಕುತೂಹಲವೇ.

ಬರುವ ಮೀನನ್ನು ನೋಡಲು ಜನ ಸೇರುತ್ತಾರೆ. ಹೋಗುವ ಮರಿಯನ್ನು ಯಾರೂ ನೋಡುವುದಿಲ್ಲ. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಕಲ್ಲಿನ ಸಂದಿಯಿಂದ ಹೊರಬರುವ ಮರಿ ನಿಮ್ಮ ಕಿರುಬೆರಳಿನ ಅರ್ಧದಷ್ಟು ಇರುತ್ತದೆ. ಸಾಕ್‌ಐ ಮರಿಗಳು ಸೀದಾ ಕೆಳಗಿನ ಲೇಕ್ ವಾಷಿಂಗ್ಟನ್ ಕೆರೆಗೆ ಇಳಿದುಬಿಡುತ್ತವೆ, ಅವುಗಳ ಚಿಂತೆ ಕಮ್ಮಿ. ಚಿನೂಕ್ ಮತ್ತು ಕೋಹೊ ಎಂಬ ಇನ್ನೆರಡು ಸಾಲ್ಮನ್ ಜಾತಿಗಳ ಮರಿಗಳ ಕತೆ ಬೇರೆ. ಅವಕ್ಕೆ ಹೊಳೆಯ ಪಕ್ಕದಲ್ಲೇ ನಿಧಾನವಾಗಿ ಹರಿಯುವ, ಮರದ ನೆರಳಿರುವ, ಹುಳುಹುಪ್ಪಟೆ ಸಿಗುವ ಕವಲು ಬೇಕು. ಆ ಕವಲುಗಳೇ ನೂರು ವರ್ಷಗಳಿಂದ ಮುಚ್ಚಿಹೋಗಿವೆ.

ಮಲೆನಾಡಿನವರಿಗೆ ಇದನ್ನು ಹೇಳಿ ಅರ್ಥ ಮಾಡಿಸುವ ಅಗತ್ಯವೇ ಇಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಏರಿದಾಗ ಹತ್ತುಮೀನು ಗದ್ದೆಗೆ ಏರುತ್ತದೆ. ತೆಳ್ಳಗಿನ ಗದ್ದೆ ನೀರಲ್ಲಿ ಮೊಟ್ಟೆ ಇಡುತ್ತದೆ, ಮರಿ ಅಲ್ಲೇ ಬೆಳೆಯುತ್ತದೆ. ಹಳ್ಳಕ್ಕೂ ಗದ್ದೆಗೂ ನಡುವೆ ಗೋಡೆ ಎದ್ದರೆ ಆ ಮೀನಿನ ಕತೆ ಮುಗಿಯಿತು. ಸಾಲ್ಮನ್ ಮೊಟ್ಟೆ ಇಡುವುದು ಗುಂಡುಕಲ್ಲಿನ ನಡುವೆ. ಆದರೆ ಮರಿಗೆ ಬೇಕಾದದ್ದು ಗದ್ದೆಯಂಥದ್ದೇ ಜಾಗ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನಿಜವಾದ ಭತ್ತದ ಗದ್ದೆಯಲ್ಲೇ ಮಾಡಿ ನೋಡಿದ್ದಾರೆ. ಸ್ಯಾಕ್ರಮೆಂಟೊ ಪಕ್ಕದ ಯೋಲೊ ಬೈಪಾಸ್‌ನಲ್ಲಿ ಕೊಯ್ಲಾದ ಗದ್ದೆಗೆ ಚಳಿಗಾಲದಲ್ಲಿ ನೀರು ನಿಲ್ಲಿಸಿ ಚಿನೂಕ್ ಮರಿ ಬಿಟ್ಟರು. ಕೂಳೆ, ಹುಲ್ಲು ಕೊಳೆತು ನೀರಲ್ಲಿ ಸಣ್ಣ ಜೀವಿಗಳು ಹುಟ್ಟಿಕೊಂಡವು, ಅದನ್ನು ತಿಂದು ಮರಿಗಳು ಹೊಳೆಯಲ್ಲಿದ್ದವಕ್ಕಿಂತ ಬೇಗ ದಪ್ಪಗಾದವು.

ಈ ಲೇಖನ ವಾಷಿಂಗ್ಟನ್ ರಾಜ್ಯವನ್ನು ಮುಂದಿಟ್ಟುಕೊಂಡು ಬರೆದದ್ದು. ಸ್ವಯಂಸೇವಕರಾಗಿ ಹೋಗುವವರಿಗೆ, ಹೊಳೆ ಪಕ್ಕ ನಾಲ್ಕೈದು ಎಕರೆ ತೆಗೆದುಕೊಂಡು 'ಆ ಹಳೇ ತಗ್ಗು ಏನು?' ಎಂದು ಯೋಚಿಸುತ್ತಿರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆರೆಗನ್, ಕ್ಯಾಲಿಫೋರ್ನಿಯಾ, ಬ್ರಿಟಿಷ್ ಕೊಲಂಬಿಯಾದಲ್ಲಿ ಇಲಾಖೆಗಳ ಹೆಸರು ಬೇರೆ, ಕೆಲಸದ ಕ್ರಮ ಹೆಚ್ಚೂಕಮ್ಮಿ ಒಂದೇ.

ಮೊದಲೇ ಒಂದು ಎಚ್ಚರಿಕೆ. ಗುದ್ದಲಿ ಹಿಡಿದು ನೀವೇ ಹೊಳೆಯ ದಂಡೆ ಕಡಿಯಲು ಹೋಗಬೇಡಿ. ಸ್ವಂತ ಜಾಗವಾದರೂ ಅದು ಕಾನೂನಿಗೆ ವಿರುದ್ಧ. ಮೇಲಾಗಿ ತಪ್ಪು ಜಾಗದಲ್ಲಿ ಕಡಿದರೆ ಪಕ್ಕದವರ ಮನೆ ಕೊಚ್ಚಿಹೋಗಬಹುದು.

1. ಯಾವ ಮೀನು, ಯಾವ ತಿಂಗಳು

'ಸಾಲ್ಮನ್‌ಗಾಗಿ ಕವಲು' ಎಂದು ಯಾರಾದರೂ ಹೇಳಿದರೆ ಮೊದಲ ಪ್ರಶ್ನೆ ಇದೇ ಆಗಿರಲಿ: ಯಾವ ಸಾಲ್ಮನ್? ಇಲ್ಲಿನ ಹೊಳೆಗಳಲ್ಲಿ ಐದು ಜಾತಿ ಇವೆ: ಚಿನೂಕ್, ಕೋಹೊ, ಸಾಕ್‌ಐ, ಚಮ್, ಪಿಂಕ್. ಪಿಂಕ್ ಮರಿ ಕಲ್ಲಿನಿಂದ ಹೊರಬಂದ ಕೂಡಲೇ ಸಮುದ್ರದ ಕಡೆ ಹೊರಡುತ್ತದೆ. ಅದಕ್ಕಾಗಿ ಕವಲು ತೋಡಿ ದೊಡ್ಡ ಲಾಭವಿಲ್ಲ.

ಜಾಸ್ತಿ ಲಾಭ ಆಗುವುದು ಕೋಹೊಗೆ. ಕೋಹೊ ಮರಿ ಒಂದು ಪೂರ್ತಿ ವರ್ಷ, ಒಂದು ಚಳಿಗಾಲ ಸೇರಿಸಿ, ಸಿಹಿನೀರಿನಲ್ಲೇ ಕಳೆಯುತ್ತದೆ. ನವೆಂಬರಿನಲ್ಲಿ ಮಳೆ ಹೊಡೆದು ಹೊಳೆ ಕೆಂಪಾಗಿ ಉಕ್ಕಿದಾಗ ಅದಕ್ಕೆ ನುಗ್ಗಿಕೊಳ್ಳಲು ಒಂದು ಮೂಲೆ ಬೇಕು. ಸಿಗದಿದ್ದರೆ ಮರಿ ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಕೋಹೊಗೆ ಅಕ್ಟೋಬರಿನಿಂದ ಮೇ ತನಕ ಕವಲಿನ ಬಾಯಿ ತೆರೆದಿರಬೇಕು.

ಸಿಯಾಟಲ್ ಪಕ್ಕದ ಕಡಲಚಾಚು ಪ್ಯೂಜೆಟ್ ಸೌಂಡ್ ಸುತ್ತಲಿನ ಚಿನೂಕ್ ಮರಿಗಳಲ್ಲಿ ಹೆಚ್ಚಿನವು ಮೊದಲ ವಸಂತ, ಬೇಸಿಗೆಯೊಳಗೇ ಸಮುದ್ರ ಸೇರುತ್ತವೆ. ಅವಕ್ಕೆ ಬೇಕಾದದ್ದು ಜನವರಿಯಿಂದ ಜೂನ್ ತನಕ ಅಂಚಿನ ನಿಧಾನ ನೀರು. ಈ ಚಿನೂಕ್ 1999ರಿಂದ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿಯಲ್ಲಿದೆ. ಇಲ್ಲೇ ನೆಲೆಸಿರುವ ಓರ್ಕಾ ತಿಮಿಂಗಿಲಗಳ ಮುಖ್ಯ ಆಹಾರವೂ ಅದೇ. ದುಡ್ಡು, ಪರ್ಮಿಟ್, ಗಮನ ಎಲ್ಲವೂ ಚಿನೂಕ್ ಸುತ್ತ ತಿರುಗುವುದು ಅದಕ್ಕೇ. ಚಮ್‌ಗಂತೂ ಅಂತರ್ಜಲ ಒಸರುವ ಕವಲು ಎಂದರೆ ಪ್ರಾಣ, ಮರಿಗಿಂತ ಮೊಟ್ಟೆ ಇಡುವುದಕ್ಕೆ.

ಮರಿಗೆ 'ನಿಧಾನ ನೀರು' ಎಂದರೆ ಎಷ್ಟು ನಿಧಾನ? ಆಗಷ್ಟೇ ಹೊರಬಂದ ಮರಿಗೆ ಸೆಕೆಂಡಿಗೆ ಸುಮಾರು 15 ಸೆಂ.ಮೀ.ಗಿಂತ ಕಮ್ಮಿ ವೇಗ ಹಿತ. ಒಂದು ಕಿತ್ತಳೆ ಸಿಪ್ಪೆಯನ್ನು ನೀರಿಗೆ ಹಾಕಿ. 3 ಮೀಟರ್ ದಾಟಲು 20 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಜಾಗ ಪರವಾಗಿಲ್ಲ. ಐದು ಸೆಕೆಂಡಿನಲ್ಲಿ ದಾಟಿತು ಎಂದರೆ ಮರಿಗಳು ಅಲ್ಲಿ ನಿಲ್ಲುವುದಿಲ್ಲ.

2. ಹಳೇ ಕವಲನ್ನು ಹುಡುಕಿ

ಹೊಸದಾಗಿ ಕಾಲುವೆ ತೋಡುವುದಕ್ಕಿಂತ ಹಳೇ ಕವಲನ್ನು ಎಬ್ಬಿಸುವುದು ಸುಲಭ. ಹೊಳೆ ಒಮ್ಮೆ ಹರಿದ ಜಾಗದಲ್ಲಿ ಕೆಳಗೆ ಗುಂಡುಕಲ್ಲು ಇರುತ್ತದೆ, ಅಂತರ್ಜಲವೂ ಹತ್ತಿರವಿರುತ್ತದೆ.

ಹುಡುಕುವುದು ಮನೆಯಲ್ಲಿ ಕೂತೇ ಶುರುವಾಗುತ್ತದೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ಲೈಡಾರ್ ನಕ್ಷೆಗಳನ್ನು ವಾಷಿಂಗ್ಟನ್ನಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಉಚಿತವಾಗಿ ಕೊಡುತ್ತದೆ. ಮರಗಿಡ ಎಲ್ಲ ಮಾಯವಾಗಿ ಬರಿ ನೆಲ ಮಾತ್ರ ಕಾಣುತ್ತದೆ. ಹೊಳೆಯ ನೀರಿನ ಮಟ್ಟಕ್ಕೆ ಹೋಲಿಸಿ ಬಣ್ಣ ಹಚ್ಚಿದರೆ ಹಳೇ ಕವಲುಗಳೆಲ್ಲ ಹಾವು ಹರಿದ ಹಾಗೆ ಎದ್ದು ಕಾಣುತ್ತವೆ. ಮೊದಲ ಸಲ ನೋಡಿದವರು ಅರ್ಧ ರಾತ್ರಿ ತನಕ ಲ್ಯಾಪ್‌ಟಾಪ್ ಬಿಟ್ಟು ಏಳುವುದಿಲ್ಲ. ನಾನೂ ಎದ್ದಿರಲಿಲ್ಲ.

ಆಮೇಲೆ ಹಳೇ ಫೋಟೊಗಳು. ಸಿಯಾಟಲ್, ರೆಂಟನ್ ಇರುವ ಕಿಂಗ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆನ್‌ಲೈನ್ ನಕ್ಷೆಯಲ್ಲಿ 1936ರ ವೈಮಾನಿಕ ಚಿತ್ರಗಳಿವೆ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ 19ನೇ ಶತಮಾನದ ಸರ್ಕಾರಿ ಭೂಮಾಪಕರ ಟಿಪ್ಪಣಿಗಳು. ಸರಪಳಿ ಎಳೆಯುತ್ತ ಕಾಡಲ್ಲಿ ನಡೆದವರು 'ಇಲ್ಲಿ ಹೊಳೆ ಇಷ್ಟು ಅಗಲ, ದಂಡೆಯಲ್ಲಿ ಇಂಥ ಮರ' ಎಂದು ಬರೆದಿಟ್ಟಿದ್ದಾರೆ. ಈ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಮೂರರಲ್ಲೂ ಕಾಣುವ ಕವಲು ನಿಮ್ಮ ಮೊದಲ ಆಯ್ಕೆ.

3. ಅದು ಮುಚ್ಚಿದ್ದು ಯಾಕೆ?

ಈ ಪ್ರಶ್ನೆಗೆ ಉತ್ತರ ಸಿಗುವ ತನಕ ಮುಂದೆ ಹೋಗಬೇಡಿ. ಕೆಟ್ಟುಹೋದ ಕವಲು ಕಾಮಗಾರಿಗಳಲ್ಲಿ ಬಹುಪಾಲು ಇಲ್ಲೇ ಎಡವಿರುತ್ತವೆ ಎಂದು ನನ್ನ ಅನಿಸಿಕೆ. ಕಾಲುವೆ ತೋಡುವುದು ಸುಲಭದ ಕೆಲಸ. ಹೊಳೆ ಯಾಕೆ ಆ ದಾರಿ ಬಿಟ್ಟಿತು ಎಂದು ತಿಳಿಯುವುದು ಕಷ್ಟದ ಕೆಲಸ.

ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಒಡ್ಡು. ಹೊಲ, ಮನೆ, ರಸ್ತೆ ಕಾಪಾಡಲು ದಂಡೆಯುದ್ದಕ್ಕೂ ಮಣ್ಣಿನ ಏರಿ ಹಾಕಿ ಕಲ್ಲಿನ ಪಿಚಿಂಗ್ ಮಾಡಿರುತ್ತಾರೆ. ಕವಲಿನ ಬಾಯಿ ಆ ಏರಿಯ ಹಿಂದೆ ಉಳಿದುಬಿಡುತ್ತದೆ. ಕಾರಣ ಇದೇ ಆಗಿದ್ದರೆ ನೀವು ಅದೃಷ್ಟವಂತರು. ಏರಿ ತೆಗೆದರೆ ಅಥವಾ ಹಿಂದಕ್ಕೆ ಸರಿಸಿದರೆ ಮಿಕ್ಕ ಕೆಲಸವನ್ನು ಹೊಳೆಯೇ ಮಾಡಿಕೊಳ್ಳುತ್ತದೆ. ಸೀಡರ್ ಹೊಳೆಯ ರೇನ್‌ಬೋ ಬೆಂಡ್ ಎಂಬಲ್ಲಿ ಕಿಂಗ್ ಕೌಂಟಿ 2013ರಲ್ಲಿ ಹೀಗೆ ಏರಿ ತೆಗೆದು ಸುಮಾರು 40 ಎಕರೆ ನೆರೆ ಬಯಲನ್ನು ಹೊಳೆಗೆ ವಾಪಸ್ ಕೊಟ್ಟಿತು. ಮೊದಲು ಅಲ್ಲಿದ್ದ ಜಾಗವನ್ನು ಕೊಂಡುಕೊಂಡು, ಜನರನ್ನು ಬೇರೆಡೆಗೆ ಕಳಿಸಬೇಕಾಯಿತು. ಅದಕ್ಕೇ ವರ್ಷಗಳು ಹಿಡಿದವು, ಏರಿ ತೆಗೆಯಲು ಹಿಡಿದದ್ದು ಒಂದು ಬೇಸಿಗೆ.

ಎರಡನೆಯದು ರಸ್ತೆ ಅಥವಾ ರೈಲು ಹಳಿ. ಕೆಳಗೊಂದು ಸಣ್ಣ ಮೋರಿ ಹಾಕಿರುತ್ತಾರೆ. ಮೋರಿಯ ಬಾಯಿ ಎತ್ತರಕ್ಕಿದ್ದರೆ ಅಥವಾ ಒಳಗೆ ನೀರು ರಭಸವಾಗಿದ್ದರೆ ಮರಿ ಹತ್ತುವುದಿಲ್ಲ. ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಮೋರಿಗಳ ವಿಷಯದಲ್ಲೇ ವಾಷಿಂಗ್ಟನ್ ರಾಜ್ಯದ ಮೇಲೆ ಕೇಸು ಹಾಕಿ, 2018ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ಗೆದ್ದಿವೆ.

ಮೂರನೆಯದು ಕಷ್ಟದ್ದು: ಹೊಳೆಯ ತಳವೇ ಕೆಳಗಿಳಿದಿರುವುದು. ಹೊಳೆಯನ್ನು ನೇರ ಮಾಡಿದರೆ, ಮೇಲೆ ಅಣೆಕಟ್ಟು ಕಟ್ಟಿ ಜಲ್ಲಿ ಬರದಂತೆ ಮಾಡಿದರೆ, ತಳದಿಂದ ಜಲ್ಲಿ ಎತ್ತಿದರೆ ನೀರು ತಳವನ್ನೇ ಕೊರೆಯುತ್ತ ಹೋಗುತ್ತದೆ. ಕವಲು ಮಾತ್ರ ಮೇಲೆ, ಅಟ್ಟದ ಮೇಲಿಟ್ಟ ಪಾತ್ರೆ ಹಾಗೆ, ಉಳಿದುಬಿಡುತ್ತದೆ. ಇಲ್ಲಿ ಕವಲನ್ನು ಆಳ ಮಾಡುತ್ತ ಹೋದರೆ ಹೊಳೆಯೂ ಇಳಿಯುತ್ತ ಹೋಗುತ್ತದೆ, ನೀವು ಸೋಲುತ್ತೀರಿ. ಆರೆಗನ್‌ನ ಮೆಕೆಂಜಿ ಹೊಳೆಯ ದಕ್ಷಿಣ ಶಾಖೆಯಲ್ಲಿ ಉಲ್ಟಾ ಮಾಡಿದರು. 1960ರ ದಶಕದ ಕೂಗರ್ ಅಣೆಕಟ್ಟಿನ ಕೆಳಗೆ ಹೊಳೆ ಗುಂಡಿ ಬಿದ್ದಿತ್ತು. ದಂಡೆಯ ಮಣ್ಣು, ಕಲ್ಲನ್ನು ಹೊಳೆಯ ಗುಂಡಿಗೇ ತುಂಬಿ, ಸಾವಿರಾರು ದಿಮ್ಮಿಗಳನ್ನು ಹರಡಿ, ನೀರು ಇಡೀ ಕಣಿವೆಗೆ ಚೆಲ್ಲಿಕೊಳ್ಳುವಂತೆ ಮಾಡಿದರು. ಒಂದು ಹೊಳೆ ಹತ್ತಾರು ತೊರೆಯಾಯಿತು. ಮನೆಮಠ ಇಲ್ಲದ ಅಗಲ ಕಣಿವೆ ಇದ್ದರೆ ಮಾತ್ರ ಇದು ಸಾಧ್ಯ.

ಕೆಲವೊಮ್ಮೆ ಹೊಳೆಯೇ ವಾಪಸ್ ಬರದ ಹಾಗೆ ಹೋಗಿರುತ್ತದೆ. ರೆಂಟನ್‌ನಲ್ಲಿ ಬ್ಲ್ಯಾಕ್ ರಿವರ್ ಅಂತ ಒಂದು ಹೊಳೆ ಇತ್ತು. ಲೇಕ್ ವಾಷಿಂಗ್ಟನ್ನಿನ ನೀರು ಹೊರಹೋಗುತ್ತಿದ್ದದ್ದು ಅದರಲ್ಲೇ. 1912ರಲ್ಲಿ ಸೀಡರ್ ಹೊಳೆಯನ್ನು ಕೆರೆಗೆ ತಿರುಗಿಸಿದರು. 1916ರಲ್ಲಿ ಹಡಗಿನ ಕಾಲುವೆಗಾಗಿ ಕೆರೆಯ ಮಟ್ಟವನ್ನು ಸುಮಾರು 9 ಅಡಿ ಇಳಿಸಿದರು. ಬ್ಲ್ಯಾಕ್ ರಿವರ್ ಬತ್ತಿಹೋಯಿತು. ಅಂಥದ್ದರ ಮುಂದೆ ಲೈಡಾರ್ ಹಿಡಿದು ಕೂತು ಪ್ರಯೋಜನ ಇಲ್ಲ, ಬೇರೆ ಕವಲು ನೋಡಿ.

4. ಒಂದು ವರ್ಷ ನೀರು ಅಳೆಯಿರಿ

ಇದು ಸ್ವಯಂಸೇವಕರಿಗೆ ಹೇಳಿ ಮಾಡಿಸಿದ ಕೆಲಸ. ಬೇಸಿಗೆಯಲ್ಲಿ ಕವಲು ಒಣಗಿದ್ದರೂ ಕೆಳಗೆ ನೀರು ಎಷ್ಟು ಆಳದಲ್ಲಿದೆ ಎಂದು ಗೊತ್ತಾಗಬೇಕು. ತೂತು ಮಾಡಿದ ಪೈಪುಗಳನ್ನು ನೆಲಕ್ಕೆ ಇಳಿಸಿ ಒಳಗೆ ನೀರಿನ ಮಟ್ಟ ಬರೆದುಕೊಳ್ಳುವ ಸಣ್ಣ ಯಂತ್ರ ಇಡುತ್ತಾರೆ. ಹೊಳೆಯಲ್ಲೂ ಒಂದು ಇಡುತ್ತಾರೆ. ಎರಡರ ಗೆರೆಗಳನ್ನು ಜೋಡಿಸಿದರೆ ಯಾವ ತಿಂಗಳಲ್ಲಿ ಎಷ್ಟು ಆಳ ತೋಡಿದರೆ ನೀರು ಸಿಗುತ್ತದೆ ಎಂದು ಗೊತ್ತಾಗುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ದಾಟಲೇಬೇಕು. ಅವಸರ ಮಾಡಿ ಮೂರು ತಿಂಗಳ ಲೆಕ್ಕದ ಮೇಲೆ ಹೊರಟರೆ ಆಗಸ್ಟಿನಲ್ಲಿ ಒಣ ಗುಂಡಿ ಸಿಗುತ್ತದೆ.

ಉಷ್ಣಾಂಶವೂ ಅಷ್ಟೇ ಮುಖ್ಯ. ಸಾಲ್ಮನ್ ತಣ್ಣೀರಿನ ಮೀನು. ವಾಷಿಂಗ್ಟನ್ನಿನಲ್ಲಿ ಬೇಸಿಗೆಯ ಮುಖ್ಯ ಸಾಲ್ಮನ್ ನೆಲೆಗಳಿಗೆ ಇಟ್ಟಿರುವ ಮಿತಿ 16 ಡಿಗ್ರಿ ಸೆಲ್ಸಿಯಸ್, ಅದೂ ದಿನದ ಗರಿಷ್ಠದ ಏಳು ದಿನದ ಸರಾಸರಿ. ಮೊಟ್ಟೆ ಇರುವ ಕಾಲದಲ್ಲಿ 13. ನಮ್ಮ ಕಡೆಯ ಹೊಳೆಗಳ ಲೆಕ್ಕದಲ್ಲಿ ಇದು ಫ್ರಿಜ್ಜಿನ ನೀರೇ. ಪಶ್ಚಿಮ ವಾಷಿಂಗ್ಟನ್ನಿನ ಅಂತರ್ಜಲ ವರ್ಷವಿಡೀ 10-11 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಒರತೆ ಇರುವ ಕವಲು ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಬೆಲೆ ಕಟ್ಟಲಾಗದ ಜಾಗ ಅದು. ಒಂದೇ ತೊಂದರೆ, ಒರತೆ ನೀರಲ್ಲಿ ಆಮ್ಲಜನಕ ಕಮ್ಮಿ ಇರಬಹುದು. ಲೀಟರಿಗೆ 5 ಮಿ.ಗ್ರಾಂ. ಕೆಳಗಿಳಿದರೆ ಮರಿಗಳಿಗೆ ಕಷ್ಟ. ಮೊದಲೇ ಪರೀಕ್ಷೆ ಮಾಡಿಸಿ.

ಕಲ್ಲಿನ ಲೆಕ್ಕವೂ ಇದೆ, ಮಕ್ಕಳಿಗೆ ಬಹಳ ಇಷ್ಟವಾಗುವ ಕೆಲಸ. ತಳದಲ್ಲಿ ಹೆಜ್ಜೆ ಹಾಕುತ್ತ, ನೋಡದೆ ಬಗ್ಗಿ, ಬೆರಳಿಗೆ ಸಿಕ್ಕ ಮೊದಲ ಕಲ್ಲನ್ನು ಎತ್ತಿ ಅಳೆಯಬೇಕು. ಹೀಗೆ ನೂರು ಕಲ್ಲು. ಲಿಂಬೆಹಣ್ಣಿನಿಂದ ಕಿತ್ತಳೆಯಷ್ಟು ಗಾತ್ರದ ಕಲ್ಲು ಜಾಸ್ತಿ ಇದ್ದರೆ ಮೊಟ್ಟೆ ಇಡುವ ಮೀನಿಗೆ ಚೆನ್ನ. ಕೈಗೆ ಬರಿ ಹೂಳೇ ಬಂದರೆ ಅಲ್ಲಿ ಮೊಟ್ಟೆ ಉಸಿರುಗಟ್ಟುತ್ತದೆ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ರಸ್ತೆಯ ಚರಂಡಿ. ಕಾರಿನ ಟೈರು ಬಾಳಿಕೆ ಬರಲಿ ಎಂದು ಹಾಕುವ ಒಂದು ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಮಳೆ ಬಂದಾಗ ಅದು ಹೊಳೆ ಸೇರಿ ಕೋಹೊ ಮೀನನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ. ವಾಷಿಂಗ್ಟನ್ನಿನ ವಿಜ್ಞಾನಿಗಳು 2020ರ ಕೊನೆಯಲ್ಲಿ ಇದನ್ನು ಪತ್ತೆ ಮಾಡಿದರು. ನಿಮ್ಮ ಕವಲಿಗೆ ಹೆದ್ದಾರಿಯ ನೀರು ನೇರ ಬೀಳುತ್ತಿದ್ದರೆ ಮೀನನ್ನು ಕರೆದು ವಿಷ ಹಾಕಿದ ಹಾಗಾಯಿತು. ಆ ನೀರನ್ನು ಮೊದಲು ಮರಳು, ಗೊಬ್ಬರ ಬೆರೆಸಿದ ಮಣ್ಣಿನ ಮೂಲಕ ಇಂಗಿಸಿ ಬಿಡಬೇಕು. ಮಣ್ಣು ಈ ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ.

5. ಜನ, ಪರ್ಮಿಟ್, ದುಡ್ಡು

ಮೊದಲ ಫೋನು ಅಲ್ಲಿನ ಬುಡಕಟ್ಟಿನ ಮೀನುಗಾರಿಕೆ ವಿಭಾಗಕ್ಕೆ. ಇದು ಶಿಷ್ಟಾಚಾರದ ಮಾತಲ್ಲ. 1974ರಲ್ಲಿ ಫೆಡರಲ್ ನ್ಯಾಯಾಧೀಶ ಬೋಲ್ಟ್ ಕೊಟ್ಟ ತೀರ್ಪಿನ ನಂತರ, ಹಿಂದೆ ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿದ್ದ ಬುಡಕಟ್ಟುಗಳಿಗೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲಿನ ಹಕ್ಕಿದೆ. ರಾಜ್ಯದ ಜೊತೆ ಸೇರಿ ಮೀನನ್ನು ನೋಡಿಕೊಳ್ಳುವವರು ಅವರೇ. ಅವರ ಜೀವಶಾಸ್ತ್ರಜ್ಞರಿಗೆ ನಿಮ್ಮ ಹೊಳೆಯ ಒಂದೊಂದು ತಿರುವೂ ಗೊತ್ತಿರುತ್ತದೆ.

ಎರಡನೆಯ ಫೋನು ನಿಮ್ಮ ಪ್ರದೇಶದ ಮೀನುಗಾರಿಕೆ ವೃದ್ಧಿ ಸಂಘಕ್ಕೆ. 1990ರಲ್ಲಿ ರಾಜ್ಯದ ಶಾಸಕಾಂಗ ಹುಟ್ಟುಹಾಕಿದ ಈ ವ್ಯವಸ್ಥೆಯಲ್ಲಿ 14 ಸಂಘಗಳಿವೆ. ಅವರ ಹತ್ತಿರ ಎಂಜಿನಿಯರ್ ಸಿಗುತ್ತಾರೆ, ಅರ್ಜಿ ಬರೆಯುವವರು ಸಿಗುತ್ತಾರೆ. ಜಾಗದ ಮಾಲೀಕರು ಒಂಟಿಯಾಗಿ ಇದನ್ನೆಲ್ಲ ಮಾಡಲು ಹೊರಡುವುದು ಬೇಡ. ದುಡ್ಡಿನ ದೊಡ್ಡ ಪಾಲು 1999ರಲ್ಲಿ ಶುರುವಾದ ಸಾಲ್ಮನ್ ರಿಕವರಿ ಫಂಡಿಂಗ್ ಬೋರ್ಡ್‌ನಿಂದ ಬರುತ್ತದೆ. ಮಾಲೀಕರ ಜೇಬಿನಿಂದ ಹೋಗುವುದು ಸಾಮಾನ್ಯವಾಗಿ ಕಮ್ಮಿ. ಆದರೆ ಜಾಗವನ್ನು ಇಷ್ಟು ವರ್ಷ ಹಾಗೇ ಬಿಡುತ್ತೇನೆ ಎಂದು ಬರೆದುಕೊಡಬೇಕಾಗುತ್ತದೆ.

ಮೂರನೆಯವರು ನೆರೆಹೊರೆ. 'ನಿಮ್ಮ ಮೀನಿಗಾಗಿ ನನ್ನ ಹೊಲ ಮುಳುಗಬೇಕಾ?' ಎಂದು ರೈತರು ಕೇಳಿಯೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ. ನಕ್ಷೆ ಹಿಡಿದುಕೊಂಡು ಅವರ ಅಡುಗೆಮನೆಯ ಟೇಬಲ್ಲಿಗೇ ಹೋಗಿ. ಸಭೆ ಕರೆದು ಹೇಳುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಪರ್ಮಿಟ್‌ಗಳ ಬಗ್ಗೆ ಚುಟುಕಾಗಿ: ಜಾರ್ಪಾ ಎಂಬ ಒಂದೇ ಅರ್ಜಿ ನಮೂನೆಯಲ್ಲಿ ಬಹಳಷ್ಟು ಇಲಾಖೆಗಳಿಗೆ ಹಾಕಬಹುದು. ಹೊಳೆಯ ತಳ ಅಥವಾ ಹರಿವು ಬದಲಿಸುವ ಯಾವ ಕೆಲಸಕ್ಕೂ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಎಚ್‌ಪಿಎ ಎಂಬ ಅನುಮತಿ ಬೇಕು. ಮೀನಿನ ನೆಲೆ ಸುಧಾರಿಸುವ ಕಾಮಗಾರಿಗೆ ಇದರಲ್ಲೇ ಒಂದು ಹತ್ತಿರದ ದಾರಿಯಿದೆ, ಅರ್ಹವಾದ ಪೂರ್ಣ ಅರ್ಜಿಗೆ 45 ದಿನದಲ್ಲಿ ಉತ್ತರ ಬರುತ್ತದೆ. ನೀರಿಗೆ ಮಣ್ಣು, ಕಲ್ಲು ಹಾಕುವುದಿದ್ದರೆ ಸೇನೆಯ ಎಂಜಿನಿಯರ್ ದಳದ ಅನುಮತಿ. ನೆರೆ ವಲಯದಲ್ಲಿ ನೂರು ವರ್ಷಕ್ಕೊಮ್ಮೆ ಬರುವಂಥ ದೊಡ್ಡ ನೆರೆಯ ಮಟ್ಟ ಏರುವುದಿಲ್ಲ ಎಂದು ಕಂಪ್ಯೂಟರ್ ಮಾದರಿ ಮಾಡಿ ತೋರಿಸಬೇಕು. ನೆಲದಲ್ಲಿ ಹಳೇ ವಸತಿಯ ಕುರುಹು ಇದೆಯೇ ಎಂಬ ಪುರಾತತ್ವ ಪರಿಶೀಲನೆಯೂ ಆಗಬೇಕು. ಚಿಪ್ಪಿನ ರಾಶಿ, ಎಲುಬು ಏನೇ ಕಂಡರೂ ಯಂತ್ರ ಅಲ್ಲೇ ನಿಲ್ಲಬೇಕು.

6. ನಕ್ಷೆ: ಕೆಳಗಿನ ಬಾಯಿ ಮೊದಲು

ಎಲ್ಲರ ಕಣ್ಣೂ ಮೇಲಿನ ಬಾಯಿಯ ಮೇಲೇ ಇರುತ್ತದೆ, ಹೊಳೆಯ ನೀರು ಕವಲಿಗೆ ನುಗ್ಗುವ ಜಾಗ. ಮರಿಯ ಲೆಕ್ಕದಲ್ಲಿ ಜೀವ ಉಳಿಸುವುದು ಕೆಳಗಿನ ಬಾಯಿ, ಕವಲು ಮತ್ತೆ ಹೊಳೆ ಸೇರುವ ಜಾಗ. ನೀರು ಇಳಿಯುವಾಗ ಮರಿ ಅಲ್ಲಿಂದ ಹೊರಬರಬೇಕು. ಕವಲಿನ ತಳ ಆ ಬಾಯಿಯ ಕಡೆಗೆ ಸಣ್ಣ ಇಳಿಜಾರಿನಲ್ಲಿ ಇರಬೇಕು. ನಡುವೆ ತಗ್ಗು ಉಳಿದರೆ ನೀರು ಬತ್ತಿದಾಗ ಮರಿಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಬೆಳಿಗ್ಗೆ ಬಕಪಕ್ಷಿಗಳು ಸಾಲಾಗಿ ನಿಂತಿದ್ದರೆ ನಕ್ಷೆ ತಪ್ಪಿದೆ ಎಂದು ತಿಳಿಯಿರಿ. ವರ್ಷವಿಡೀ ಒರತೆ ಇರುವ ಆಳದ ಮಡು ಆದರೆ ಪರವಾಗಿಲ್ಲ.

ಮೇಲಿನ ಬಾಯಿ ಬೇಕೇ ಬೇಡವೇ ಎಂಬುದೂ ಪ್ರಶ್ನೆಯೇ. ಎರಡೂ ಬಾಯಿ ತೆರೆದ ಕವಲಿನಲ್ಲಿ ಹರಿವು ಚೆನ್ನಾಗಿರುತ್ತದೆ, ಆದರೆ ಹೊಳೆ ತರುವ ಜಲ್ಲಿಯೂ ಒಳಗೆ ಬರುತ್ತದೆ. ನಾನು ಗಿಡ ನೆಡಲು ಹೋಗಿದ್ದ ಒಂದು ಕಡೆ ಮೇಲಿನ ಬಾಯಿ ಮೊದಲ ಚಳಿಗಾಲದಲ್ಲೇ ಜಲ್ಲಿ ತುಂಬಿ ಮುಚ್ಚಿಹೋಯಿತು. ಬಾಯಿ ಇಟ್ಟದ್ದು ಹೊಳೆಯ ತಿರುವಿನ ಒಳಬದಿಗೆ. ಹೊಳೆ ಜಲ್ಲಿ ಸುರಿಯುವುದೇ ಅಲ್ಲಿ! ಬಾಯಿ ಇರಬೇಕಾದದ್ದು ತಿರುವಿನ ಹೊರಬದಿಗೆ. ಅಲ್ಲಿ ನೀರು ಆಳ, ತಳದ ಜಲ್ಲಿ ಕಮ್ಮಿ. ಅಂಥ ಜಾಗ ಸಿಗದಿದ್ದರೆ ಕೆಳಗಿನ ಬಾಯಿ ಮಾತ್ರ ತೆರೆದು, ಒರತೆ ನೀರಿನ ಮೇಲೆ ಬಿಟ್ಟುಬಿಡುವುದು ಒಳ್ಳೆಯದು. ನೋಡಲು ಅಷ್ಟು ಸೊಗಸಿಲ್ಲ, ಆದರೆ ಕೋಹೊಗೆ ಅದೇ ಸಾಕು.

ಆಮೇಲೆ ದಿಮ್ಮಿ. ಬೇರಿನ ಬುಡ ಸಮೇತ ತಂದ ಡಗ್ಲಸ್ ಫರ್, ಸೀಡರ್ ಮರಗಳನ್ನು ಕವಲಿನ ಬಾಯಿಯ ಹತ್ತಿರ ಒಂದರೊಳಗೊಂದು ಹೆಣೆದು, ಅರ್ಧ ದಂಡೆಯೊಳಗೆ ಹೂತು ಇಡುತ್ತಾರೆ. ನೀರು ಅದಕ್ಕೆ ಬಡಿದು ಎರಡಾಗುತ್ತದೆ, ಕೆಳಗೆ ಮಡು ಕೊರೆಯುತ್ತದೆ, ಬಾಯಿ ತೆರೆದೇ ಇರುತ್ತದೆ. ಬೇರಿನ ಸಂದಿಗಳಲ್ಲಿ ಮರಿಗಳು ಅಡಗುತ್ತವೆ. ಇಲ್ಲೊಂದು ತಮಾಷೆ ಇದೆ. 1880ರ ದಶಕದಿಂದ ಸುಮಾರು ನೂರು ವರ್ಷ ಸೇನೆಯ ಎಂಜಿನಿಯರ್ ದಳ ದೋಣಿ ಇಟ್ಟುಕೊಂಡು ಈ ಹೊಳೆಗಳಿಂದ ದಿಮ್ಮಿ ಎಳೆದು ತೆಗೆಯುತ್ತಿತ್ತು. ಅದರಲ್ಲಿ ಕೊನೆಯದಾದ ಡಬ್ಲ್ಯು. ಟಿ. ಪ್ರೆಸ್ಟನ್ 1981ರ ತನಕ ಓಡಿತು. ಈಗ ಅನಕೋರ್ಟಿಸ್‌ನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಅದನ್ನು ನೋಡಿಕೊಂಡು ಬಂದು ಪಕ್ಕದ ಹೊಳೆಯಲ್ಲಿ ಕ್ರೇನಿನಿಂದ ದಿಮ್ಮಿ ಇಳಿಸುವುದನ್ನೂ ನೋಡಬಹುದು.

7. ಅಗೆತ

ನೀರಿಗೆ ಇಳಿದು ಕೆಲಸ ಮಾಡಲು ವರ್ಷದಲ್ಲಿ ಕೆಲವೇ ವಾರ ಸಿಗುತ್ತವೆ. ಮೊಟ್ಟೆಯೂ ಇರಬಾರದು, ಬರುವ ಮೀನೂ ಇರಬಾರದು. ಪಶ್ಚಿಮ ವಾಷಿಂಗ್ಟನ್ನಿನಲ್ಲಿ ಅದು ಸಾಮಾನ್ಯವಾಗಿ ನಡು ಬೇಸಿಗೆಯಿಂದ ಬೇಸಿಗೆಯ ಕೊನೆಯ ತನಕ. ಹೊಳೆ ಹೊಳೆಗೆ ದಿನಾಂಕ ಬೇರೆ, ಪರ್ಮಿಟ್ಟಿನಲ್ಲಿ ಬರೆದಿರುತ್ತದೆ.

ಅಗೆಯುವುದು ಎಕ್ಸ್‌ಕವೇಟರ್, ನಮ್ಮೂರ ಭಾಷೆಯಲ್ಲಿ ಹಿಟಾಚಿ. ಅದರೊಳಗಿನ ಹೈಡ್ರಾಲಿಕ್ ಎಣ್ಣೆ ಸಸ್ಯದಿಂದ ಮಾಡಿದ್ದಾಗಿರಬೇಕು, ಸೋರಿದರೂ ಮೀನು ಸಾಯದ ಹಾಗೆ. ಗುಟ್ಟಿರುವುದು ಕ್ರಮದಲ್ಲಿ. ಮೇಲೂ ಕೆಳಗೂ ಒಂದೊಂದು ಮಣ್ಣಿನ ಗೋಡೆ ಬಿಟ್ಟು ನಡುವಿನ ಕವಲನ್ನೆಲ್ಲ ಒಣ ನೆಲದಲ್ಲೇ ಅಗೆದು ಮುಗಿಸುತ್ತಾರೆ. ದಿಮ್ಮಿ, ಕಲ್ಲು ಎಲ್ಲ ಕೂರಿಸಿದ ಮೇಲೆ ಬಾಯಿಗಳ ಸರದಿ. ಅಲ್ಲಿ ಹೊಳೆಯಲ್ಲಿರುವ ಮೀನುಗಳನ್ನು ಮೊದಲು ಹಿಡಿದು ಬೇರೆ ಕಡೆ ಬಿಡಬೇಕು. ಎಳೆಬಲೆ ಹಿಡಿದು, ಆಮೇಲೆ ಅನುಮತಿ ಇರುವ ಜೀವಶಾಸ್ತ್ರಜ್ಞರು ಸಣ್ಣ ವಿದ್ಯುತ್ ಹರಿಸಿ ಉಳಿದವನ್ನು ಎತ್ತುತ್ತಾರೆ. ಸ್ವಯಂಸೇವಕರು ಬಕೆಟ್ ಹೊರುತ್ತಾರೆ. ಬಕೆಟ್ಟಿನ ನೀರು ಬೆಚ್ಚಗಾಗದ ಹಾಗೆ ಓಡಬೇಕು, ಅಷ್ಟೇ ನಿಮ್ಮ ಕೆಲಸ.

ಕೆಳಗಿನ ಗೋಡೆ ಮೊದಲು ಒಡೆಯುತ್ತಾರೆ. ನೀರು ಹಿಂದಕ್ಕೆ ಮೆಲ್ಲಗೆ ಏರಿ ನಿಲ್ಲುತ್ತದೆ, ಸಡಿಲ ಮಣ್ಣು ಕೂರುತ್ತದೆ. ಆಮೇಲೆ ಮೇಲಿನದನ್ನು ಸ್ವಲ್ಪ ಸ್ವಲ್ಪವೇ. ಒಮ್ಮೆಲೇ ತೆಗೆದರೆ ಬಗ್ಗಡ ನೀರು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಹೊಳೆಯ ನೀರು ಸ್ವಚ್ಛವಿದ್ದಾಗ ಅದಕ್ಕಿಂತ 5 ಎನ್‌ಟಿಯು (ನೀರಿನ ರಾಡಿ ಅಳೆಯುವ ಮಾನ) ಮಾತ್ರ ಜಾಸ್ತಿ ರಾಡಿಗೆ ಅವಕಾಶ. ದೊಡ್ಡ ಹೊಳೆಯಾದರೆ 300 ಅಡಿ ಕೆಳಗೆ ಅಳೆಯುತ್ತಾರೆ. ಮಿತಿ ದಾಟಿತೋ ಯಂತ್ರ ಬಂದ್.

8. ಗಿಡ

ನವೆಂಬರಿನಿಂದ ಮಾರ್ಚ್ ತನಕ, ಎಲೆ ಉದುರಿ ಗಿಡ ಮಲಗಿದ್ದಾಗ, ವಿಲ್ಲೊ ಮತ್ತು ಕಾಟನ್‌ವುಡ್ ಕಡ್ಡಿಗಳನ್ನು ಕಡಿದು ನೆಡುತ್ತಾರೆ. ನಮ್ಮಲ್ಲಿ ದಾಸವಾಳ, ಗ್ಲಿರಿಸಿಡಿಯಾ ನೆಟ್ಟ ಹಾಗೆಯೇ. ಎರಡು ಮೂರು ಅಡಿ ಕಡ್ಡಿ, ಮೂರನೇ ಎರಡು ಭಾಗ ನೆಲದೊಳಗೆ, ಮೊಗ್ಗು ಮೇಲ್ಮುಖ. ಮೊದಲ ದಿನ ನಾನು ಒಂದು ಸಾಲು ಪೂರ್ತಿ ತಲೆಕೆಳಗಾಗಿ ನೆಟ್ಟಿದ್ದೆ. ಆಮೇಲಿಂದ ಕಡಿಯುವಾಗಲೇ ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿಕೊಳ್ಳುತ್ತೇನೆ.

ಗಿಡ ನೆಡುವುದಕ್ಕಿಂತ ಕಳೆ ಕೀಳುವುದೇ ದೊಡ್ಡ ಕೆಲಸ. ಹಿಮಾಲಯನ್ ಬ್ಲ್ಯಾಕ್‌ಬೆರಿ, ನಾಟ್‌ವೀಡ್, ರೀಡ್ ಕೆನರಿ ಹುಲ್ಲು ಮೂರೂ ಒಂದೆರಡು ವರ್ಷದಲ್ಲಿ ಎಲ್ಲವನ್ನೂ ನುಂಗುತ್ತವೆ. ನಾಟ್‌ವೀಡನ್ನು ಕೊಚ್ಚಿ ಹೊಳೆಗೆ ಎಸೆಯಲೇಬೇಡಿ, ಪ್ರತಿ ತುಂಡೂ ಕೆಳಗೆ ಹೋಗಿ ಚಿಗುರುತ್ತದೆ. ಎಳೇ ಗಿಡಗಳನ್ನು ಬೀವರ್ ಕಡಿಯುತ್ತದೆ, ಅದಕ್ಕೆ ಬುಡಕ್ಕೆ ತಂತಿ ಬಲೆ ಸುತ್ತಿ. ಆದರೆ ಬೀವರ್ ಕಟ್ಟೆ ಕಟ್ಟಿತು ಎಂದು ಗಾಬರಿಯಾಗಿ ಒಡೆಯಲು ಹೋಗಬೇಡಿ. ಕೋಹೊ ಮರಿಗೆ ಬೀವರ್ ಹೊಂಡಕ್ಕಿಂತ ಒಳ್ಳೆಯ ಮನೆ ಇನ್ನೊಂದಿಲ್ಲ.

9. ಆಮೇಲೆ

ಮೊದಲ ಚಳಿಗಾಲದಲ್ಲಿ ಕವಲು ನೀವು ಬರೆದ ನಕ್ಷೆಯಂತೆ ಉಳಿಯುವುದಿಲ್ಲ. ದಂಡೆ ಒಂದು ಕಡೆ ಕುಸಿಯುತ್ತದೆ, ಇನ್ನೊಂದು ಕಡೆ ಜಲ್ಲಿ ಕೂರುತ್ತದೆ. ಅದು ಕೆಡುಕಲ್ಲ, ಹೊಳೆ ಕೆಲಸಕ್ಕೆ ಬಂದಿದೆ ಎಂದರ್ಥ. ಕಣ್ಣಿಡಬೇಕಾದದ್ದು ಎರಡೂ ಬಾಯಿಗಳ ಮೇಲೆ.

ಗಟ್ಟಿಯಾದ ಎರಡು ಕಂಬ ಆಯ್ದುಕೊಳ್ಳಿ, ನೆರೆ ಬಂದರೂ ದಂಡೆಯಿಂದ ದೂರ ನಿಂತು ಬಾಯಿ ಕಾಣುವಂಥ ಕಡೆ. ಪ್ರತಿ ದೊಡ್ಡ ಮಳೆಯ ನಂತರ ಅದೇ ಕಂಬದ ಪಕ್ಕ ನಿಂತು ಅದೇ ಕೋನದಲ್ಲಿ ಫೋಟೊ ತೆಗೆದು ಎಂಜಿನಿಯರ್‌ಗೆ ಕಳಿಸಿ. ಮರಿಗಳ ಲೆಕ್ಕ ತಜ್ಞರದು: ಬೋನು ಇಡುತ್ತಾರೆ, ಸ್ನಾರ್ಕೆಲ್ ಹಾಕಿ ಈಜುತ್ತ ಎಣಿಸುತ್ತಾರೆ, ಕೆಲವು ಮರಿಗಳಿಗೆ 12 ಮಿ.ಮೀ.ನ ಅಕ್ಕಿಕಾಳಿನಂಥ ಚಿಪ್ ಹಾಕಿ ಯಾವಾಗ ಕವಲು ಬಿಟ್ಟವು ಎಂದು ನೋಡುತ್ತಾರೆ. ಪಕ್ಕದಲ್ಲಿ ಏನೂ ಮಾಡದ ಇನ್ನೊಂದು ಜಾಗವನ್ನೂ ಎಣಿಸಬೇಕು. ಇಲ್ಲದಿದ್ದರೆ ಆ ವರ್ಷ ಮೀನು ಎಲ್ಲ ಕಡೆಯೂ ಜಾಸ್ತಿ ಇತ್ತೋ, ನಿಮ್ಮ ಕವಲಿನಿಂದ ಜಾಸ್ತಿ ಆಯಿತೋ ಗೊತ್ತಾಗುವುದಿಲ್ಲ.

ಶರತ್ಕಾಲದಲ್ಲಿ ಗೂಡು ಎಣಿಸಲು ಕರೆದರೆ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಹೋಗಿ, ಇಲ್ಲದಿದ್ದರೆ ನೀರಿನ ಹೊಳಪು ಬಿಟ್ಟು ಇನ್ನೇನೂ ಕಾಣುವುದಿಲ್ಲ. ಪಾಚಿ ಹಿಡಿದ ಕಪ್ಪು ತಳದಲ್ಲಿ ಊಟದ ಮೇಜಿನಷ್ಟು ಜಾಗ ಉಜ್ಜಿ ತೊಳೆದ ಹಾಗೆ ಬೆಳ್ಳಗೆ ಕಂಡರೆ ಅದೇ ಗೂಡು. ಹೆಣ್ಣು ಮೀನು ಬಾಲದಿಂದ ಬಡಿದು ಬಡಿದು ತೋಡಿದ್ದು. ಆ ಬಿಳುಪಿನ ಕೆಳಗೆ ಸಾವಿರಾರು ಮೊಟ್ಟೆಗಳಿರುತ್ತವೆ, ವಸಂತದ ತನಕ. ಅದರ ಮೇಲೆ ಕಾಲಿಡಬೇಡಿ, ನಾಯಿಯನ್ನು ಬಿಡಬೇಡಿ. ದಾಟಲೇಬೇಕಾದರೆ ಗೂಡಿನ ಕೆಳಭಾಗ ತಪ್ಪಿಸಿ, ಮೇಲಕ್ಕೆ ನಡೆದು ಕಪ್ಪು ಕಲ್ಲಿರುವ ಕಡೆ ದಾಟಿ. ಮೊಟ್ಟೆ ಹೂತ ದಿಬ್ಬ ಇರುವುದು ಗೂಡಿನ ಕೆಳಭಾಗದಲ್ಲೇ.